ಎರಡು ರಾಹುಕಾಲಗಳ ನಡುವೆ ನನ್ನ ನೌಕಾಯಾನ

ಕುವೈತಿನ ನಮ್ಮ ಕನ್ನಡಿಗರ ಬಳಗದಲ್ಲಿ ಸಮುದ್ರದ ಮಾತು ಬಂದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಗಾಳಿ ಜೋರಾಗಿ ಬೀಸಿದರೆ "ಶೆಟ್ರೇ, ಏನಿದರ ಅರ್ಥ?" ಎಂದು ಕೇಳುತ್ತಿದ್ದರು. ಮೀನು ಮಾರುಕಟ್ಟೆಗೆ ಹೋದರೆ ನನ್ನನ್ನೇ ಮುಂದೆ ಬಿಡುತ್ತಿದ್ದರು. ಮೈಸೂರು, ಮಂಡ್ಯದ ಕಡೆಯ ನನ್ನ ಮಿತ್ರರಲ್ಲಿ ಒಂದು ದೃಢವಾದ ನಂಬಿಕೆಯಿದೆ. "ಎಂತ ಮಾರಾಯ್ರೆ" ಎನ್ನುವ ಪ್ರತಿಯೊಬ್ಬನೂ ದೋಣಿಯಲ್ಲೇ ಹುಟ್ಟಿ, ಅಲೆಯ ಮೇಲೆ ಅಂಬೆಗಾಲಿಟ್ಟು, ಬಲೆಯೊಳಗೆ ನಿದ್ದೆ ಮಾಡಿ ಬೆಳೆದವನು! ಹನ್ನೆರಡು ವರ್ಷಗಳಲ್ಲಿ ನಾನು ಈ ನಂಬಿಕೆಯನ್ನು ಬೆಳೆಸಲಿಲ್ಲ. ಆದರೆ ತಿದ್ದಲೂ ಇಲ್ಲ.

ನಿಜ ಹೇಳಬೇಕೆಂದರೆ ನನ್ನ ಊರು ಕಾರ್ಕಳ. ಅಲ್ಲಿರುವುದು ಕರಿಕಲ್ಲು. ಸಮುದ್ರ ನೋಡಬೇಕಾದರೆ ಬಸ್ಸಿನಲ್ಲಿ ಒಂದೂವರೆ ಗಂಟೆ ಕೂರಬೇಕು, ಹಾಗೆ ಕೂತದ್ದು ನಾನು ಬಾಲ್ಯದಲ್ಲಿ ಮೂರೋ ನಾಲ್ಕೋ ಸಲ. ಈಜು ಬರುವುದಿಲ್ಲ. ಬಾವಿಕಟ್ಟೆಯಲ್ಲಿ ಬಗ್ಗಿ ನೋಡಿದರೂ ತಲೆ ತಿರುಗುತ್ತದೆ. ಸಮುದ್ರಕ್ಕೂ ನನಗೂ ಇರುವ ಏಕೈಕ ಸಂಬಂಧವೆಂದರೆ ಬಂಗುಡೆ, ಅದೂ ಮಸಾಲೆ ಹಚ್ಚಿ ಕಾವಲಿಯಿಂದ ಇಳಿಸಿದ ಮೇಲಿನದು.

ಮಿತ್ರರ ವಿಷಯ ಹೋಗಲಿ. ತೊಂದರೆ ಇದ್ದದ್ದು ಮನೆಯಲ್ಲಿ. ನನ್ನ ಮಗಳು ಅನ್ವಿಗೆ ಈಗ ಹನ್ನೊಂದು ವರ್ಷ. ಅವಳು ಚಿಕ್ಕವಳಿದ್ದಾಗ ಊಟ ಮಾಡಿಸಲು ನಾನು ಸಮುದ್ರದ ಕಥೆ ಹೇಳುತ್ತಿದ್ದೆ. ಹತ್ತು ವರ್ಷದವನಿದ್ದಾಗ ಒಬ್ಬನೇ ದೋಣಿ ನಡೆಸಿದ್ದು, ಬಿರುಗಾಳಿಯಲ್ಲಿ ಹಾಯಿ ಹಿಡಿದದ್ದು, ದೋಣಿಗಿಂತ ಉದ್ದದ ಮೀನಿಗೆ ಬುದ್ಧಿ ಹೇಳಿ ವಾಪಸ್ ಕಳಿಸಿದ್ದು! ಈ ಕಥೆಗಳೆಲ್ಲ ನಮ್ಮಪ್ಪನ ಹೋಟೆಲಿಗೆ ಚಹಾ ಕುಡಿಯಲು ಬರುತ್ತಿದ್ದ ಮೀನಿನ ಲಾರಿಯ ಡ್ರೈವರ್ ಮೋನಪ್ಪಣ್ಣ ಹೇಳಿದವು. ನಾನು ಮೋನಪ್ಪಣ್ಣನನ್ನು ತೆಗೆದು ಆ ಜಾಗದಲ್ಲಿ ನನ್ನನ್ನು ಕೂರಿಸಿದ್ದೆ, ಅಷ್ಟೇ. ಮಗು ಬಾಯಿ ತೆರೆದು ಕೇಳುತ್ತಿತ್ತು, ತೆರೆದ ಬಾಯಿಗೆ ಅವಳಮ್ಮ ತುತ್ತು ಇಡುತ್ತಿದ್ದಳು. ಆದರೆ ಮಗು ಆ ಕಥೆಗಳನ್ನು ಅನ್ನದ ಜೊತೆಗೇ ನುಂಗಿ, ಅರಗಿಸಿಕೊಂಡು, ಶಾಲೆಯಲ್ಲೆಲ್ಲ ಹೇಳಿಬಿಟ್ಟಿತ್ತು. ಈ ವರ್ಷ ಬೇಸಿಗೆ ರಜೆಗೆ ಟೀಚರು ಒಂದು ಪ್ರಬಂಧ ಬರೆಯಲು ಕೊಟ್ಟರು. ತಂದೆ ಅಥವಾ ತಾಯಿಯ ಜೊತೆ ಕಳೆದ ಒಂದು ದಿನ, ಕಣ್ಣಾರೆ ಕಂಡದ್ದು ಮಾತ್ರ.

"ಪಪ್ಪಾ, ಐ ವಿಲ್ ರೈಟ್ ಅಬೌಟ್ ಯು ಅಂಡ್ ದ ಸೀ" ಅಂದಳು ಅನ್ವಿ. 

ಹೆಂಡತಿ ಶಶಿಕಲಾ ಒಗ್ಗರಣೆ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಇಣುಕಿದಳು. ಅವಳೂ ಕಾರ್ಕಳದವಳೇ. ಅವಳಿಗೆ ಎಲ್ಲವೂ ಗೊತ್ತು.

"ಬರಿ ಮಗಾ, ಬರಿ. ಪಪ್ಪನ ಸಮುದ್ರ ನಂಗೂ ಒಮ್ಮೆ ನೋಡ್ಬೇಕಿತ್ತು."

ಹೀಗಿರುವಾಗ ಒಂದು ಶುಕ್ರವಾರ ರಿಗ್ಗೈಯ ನಮ್ಮ ಮನೆಗೆ ನಾಗೇಂದ್ರ ಬಂದರು. ಮೈಸೂರಿನವರು, ಬ್ಯಾಂಕಿನಲ್ಲಿ ಕೆಲಸ. ಊರಿನಿಂದ ಬಂದಿದ್ದ ತಾಯಿ ಪದ್ಮಮ್ಮನವರನ್ನೂ ಕರೆತಂದಿದ್ದರು. ನಾಗೇಂದ್ರರ ಭಾವಮೈದ ನಾರ್ವೆಯಲ್ಲಿ ಫ್ಯೋರ್ಡುಗಳ ನಡುವೆ ದೋಣಿಯಲ್ಲಿ ಸುತ್ತಿ, ದಡದಲ್ಲಿ ಟೆಂಟು ಹಾಕಿ ಮಲಗಿದ ಫೋಟೋಗಳನ್ನು ಕಳಿಸಿದ್ದ. ಎರಡೂ ಕಡೆ ಬೆಟ್ಟ, ನಡುವೆ ನೀಲಿ ನೀರು. ಎಲ್ಲರೂ "ಅಬ್ಬಾ" ಅಂದರು. ನನಗೆ ಆ ಅಬ್ಬಾ ಸಹಿಸಲಾಗಲಿಲ್ಲ.

"ಇದೆಂತ ಮಹಾ! ಸಮುದ್ರ ಭೂಮಿಯ ಒಳಗೆ ನುಗ್ಗಿದ್ರೆ ಅದೇ ಫ್ಯೋರ್ಡು. ಇಲ್ಲೇ ಕುವೈತಿನ ದಕ್ಷಿಣಕ್ಕೆ ನಮ್ಮ ಖಿರಾನಿನಲ್ಲಿ ಇಲ್ವಾ? ಇಲ್ಲಿಯವರು ಖೋರ್ ಅಂತಾರೆ. ಬೆಟ್ಟ ಇಲ್ಲ, ಹಿಮ ಇಲ್ಲ, ಮರ ಇಲ್ಲ. ಅದು ಬಿಟ್ರೆ ಎಲ್ಲ ಒಂದೇ."

"ಹಾಗಾದ್ರೆ ನಾವೂ ಹೋಗೋಣ ಕಣ್ರೀ ಶೆಟ್ರೇ! ನೀವಿರುವಾಗ ನಮಗೇನು ಭಯ?" ಎಂದರು ನಾಗೇಂದ್ರ.

ಅನ್ವಿ ಕುಣಿದಳು. ಶಶಿ ನನ್ನ ಕಡೆ ನೋಡಿ ನಕ್ಕಳು. ಆ ನಗುವಿನಲ್ಲಿ ಎಚ್ಚರಿಕೆ ಇತ್ತು, ಆದರೆ ನಾನು ಆಗಲೇ ಮನಸ್ಸಿನಲ್ಲಿ ಹಾಯಿ ಬಿಚ್ಚಿಯಾಗಿತ್ತು.

ಜೂನ್ ತಿಂಗಳ ಕುವೈತಿನಲ್ಲಿ ಬುದ್ಧಿ ಇರುವವರು ಕಾರಿನಿಂದ ಮನೆಯ ಬಾಗಿಲವರೆಗೆ ಓಡಿ ಹೋಗುತ್ತಾರೆ. ನಾವು ದೋಣಿ ಗೊತ್ತು ಮಾಡಿದೆವು. ದೋಣಿಯ ಚಾಲಕ ಸೆಲ್ವಂ, ರಾಮನಾಥಪುರದವನು, ಮೂರು ತಲೆಮಾರಿನ ಮೀನುಗಾರ. ಅವನು ಫೋನಿನಲ್ಲಿ ಒಂದೇ ಮಾತು ಹೇಳಿದ್ದ. "ಸಾರ್, ಸುಬಹ್ ಸಾಡೆ ಛೇ ಬಜೇ ಆನಾ. ಸಾತ್ ಬಜೇ ಪಾನಿ ಫುಲ್." ಬೆಳಗ್ಗೆ ಏಳಕ್ಕೆ ಭರತ. ಒಳಗಿನ ಖೋರ್ ಸುತ್ತಿ, ಸಂಜೆ ಮರಳ ದಿಬ್ಬದ ಮೇಲೆ ಟೆಂಟು, ಮರುದಿನ ಬೆಳಗ್ಗೆ ವಾಪಸ್. ಇಷ್ಟು ಸರಳ.

ಮುಂದಿನ ಶುಕ್ರವಾರ ಬೆಳಗ್ಗೆ ನಾವು ಐದಕ್ಕೇ ಹೊರಟೆವು. ನಾನು, ಶಶಿ, ಅನ್ವಿ, ನಾಗೇಂದ್ರ, ಪದ್ಮಮ್ಮ. ನಾಗೇಂದ್ರರ ಹೆಂಡತಿಗೆ ಅಂದು ಆಸ್ಪತ್ರೆಯಲ್ಲಿ ಡ್ಯೂಟಿ. ಪುಣ್ಯವಂತೆ! ಕಾರು ಅಬು ಹಲೀಫಾ ದಾಟುವಾಗ ನಾನು ತಲೆ ಮುಟ್ಟಿಕೊಂಡು "ಅಯ್ಯೋ!" ಎಂದು ಕೂಗಿದೆ. ನಾಗೇಂದ್ರ ಗಾಬರಿಯಾಗಿ ಬ್ರೇಕ್ ಹಾಕಿದರು.

"ಏನಾಯ್ತು? ಸಿವಿಲ್ ಐಡಿ ಬಿಟ್ಟು ಬಂದ್ರಾ?"

ಅಲ್ಲ. ನನ್ನ ಟೊಪ್ಪಿ! ಎಗೈಲಾದ ಮಾಲಿನಲ್ಲಿ ಹುಡುಕಿ ಹುಡುಕಿ ಕೊಂಡಿದ್ದ, ಮುಂಭಾಗದಲ್ಲಿ ಲಂಗರಿನ ಚಿತ್ರವಿದ್ದ ಬಿಳಿ ಕ್ಯಾಪ್ಟನ್ ಟೊಪ್ಪಿ. ಅದು ಮನೆಯ ಸೋಫಾದ ಮೇಲೆಯೇ ಕುಳಿತಿತ್ತು. ಟೊಪ್ಪಿ ಇಲ್ಲದೆ ಅನ್ವಿಯ ಪ್ರಬಂಧಕ್ಕೆ ಫೋಟೋ ಹೇಗೆ ತೆಗೆಯುವುದು? ಕಾರು ತಿರುಗಿಸಿದೆವು. ಟೊಪ್ಪಿ ಧರಿಸಿ ಖಿರಾನ್ ತಲುಪುವಾಗ ಎಂಟು ಗಂಟೆ ಐದು ನಿಮಿಷ.

ಸೆಲ್ವಂ ಎಂಜಿನ್ ಶುರು ಮಾಡಿ ನಿಂತಿದ್ದ. "ಜಲ್ದಿ ಸಾರ್, ಯಲ್ಲಾ! ಪಾನಿ ಜಾ ರಹಾ ಹೈ." ನಾನು ಒಂದು ಕಾಲು ದೋಣಿಯಲ್ಲಿ ಇಟ್ಟಿದ್ದೆ. ಆಗಲೇ ಕಾರ್ಕಳದಿಂದ ಅಮ್ಮನ ಫೋನು.

ಅಮ್ಮ ತುಳುವಿನಲ್ಲಿ ಕೇಳಿದ್ದು ಎರಡೇ ಪ್ರಶ್ನೆ. ಎಲ್ಲಿದ್ದೀ? ಗಂಟೆ ಎಷ್ಟು ಗೊತ್ತುಂಟಾ? ಊರಿನ ಗಡಿಯಾರ ಇಲ್ಲಿಗಿಂತ ಎರಡೂವರೆ ಗಂಟೆ ಮುಂದೆ, ಅಲ್ಲಿ ಹತ್ತೂವರೆ ಹೊಡೆದಾಗಿತ್ತು. ಶುಕ್ರವಾರದ ರಾಹುಕಾಲ ಐದು ನಿಮಿಷದ ಹಿಂದಷ್ಟೇ ಶುರುವಾಗಿತ್ತು! ನಮ್ಮ ಮನೆಯಲ್ಲಿ ರಾಹುಕಾಲ ಎಂದರೆ ಸಣ್ಣ ವಿಷಯವಲ್ಲ. ರಾಹುಕಾಲದಲ್ಲಿ ನಮ್ಮಪ್ಪ ಹೋಟೆಲಿನಲ್ಲಿ ಹೊಸ ಸಾಂಬಾರಿನ ಪಾತ್ರೆಗೆ ಸೌಟು ಕೂಡ ಹಾಕುತ್ತಿರಲಿಲ್ಲ. ನಾನು ಕಾಲನ್ನು ದೋಣಿಯಿಂದ ಹಿಂದಕ್ಕೆ ತೆಗೆದೆ.

"ಇಲ್ಲಿಯ ಒಂಬತ್ತೂವರೆಗೆ ರಾಹು ಹೋಗ್ತಾನೆ. ಆಮೇಲೆ ಹೊರಡುವಾ."

"ಅದು ನಿಮ್ಮ ಊರಿನ ರಾಹುಕಾಲ ಕಣಪ್ಪಾ," ಎಂದರು ಪದ್ಮಮ್ಮ, ಕೈಚೀಲದಿಂದ ಪುಟ್ಟ ಪಂಚಾಂಗ ತೆಗೆಯುತ್ತ. "ರಾಹುಕಾಲ ಅನ್ನೋದು ನಾವು ನಿಂತಿರೋ ಜಾಗದ ಸೂರ್ಯೋದಯದಿಂದ ಲೆಕ್ಕ. ಇಲ್ಲಿ ಸೂರ್ಯ ಹುಟ್ಟಿದ್ದು ನಾಲ್ಕು ಐವತ್ತಕ್ಕೆ. ಹಗಲನ್ನ ಎಂಟು ಭಾಗ ಮಾಡಿ, ಶುಕ್ರವಾರಕ್ಕೆ ನಾಲ್ಕನೇ ಭಾಗ." ಬೆರಳು ಮಡಚಿ ಎಣಿಸಿದರು. "ಹತ್ತು ಗಂಟೆ ಐದು ನಿಮಿಷಕ್ಕೆ ಶುರು."

ನಾನು ದಂಗಾದೆ. ಹನ್ನೆರಡು ವರ್ಷ ಕುವೈತಿನಲ್ಲಿ ನಾನು ತಪ್ಪಿಸಿಕೊಂಡದ್ದು ಕಾರ್ಕಳದ ರಾಹುವನ್ನೇ ಹೊರತು ಇಲ್ಲಿಯ ರಾಹುವನ್ನಲ್ಲ! ಯಾರ ಮಾತು ಸರಿ ಎಂದು ತೀರ್ಮಾನಿಸುವ ಧೈರ್ಯ ನನಗಿರಲಿಲ್ಲ. ಹೆತ್ತ ತಾಯಿಯನ್ನು ಮೀರುವಂತಿಲ್ಲ, ಎದುರಿಗೆ ನಿಂತ ಹಿರಿಯರನ್ನೂ ಮೀರುವಂತಿಲ್ಲ. ಆದ್ದರಿಂದ ಇಬ್ಬರ ರಾಹುವನ್ನೂ ಮಾನ್ಯ ಮಾಡಿದೆ. ಒಬ್ಬ ರಾಹು ಒಂಬತ್ತೂವರೆಗೆ ಹೋಗುತ್ತಾನೆ, ಇನ್ನೊಬ್ಬ ಹತ್ತೂ ಐದಕ್ಕೆ ಬರುತ್ತಾನೆ. ನಡುವೆ ಮೂವತ್ತೈದು ನಿಮಿಷದ ಸಂದು. ಆ ಸಂದಿನಲ್ಲಿ ನಮ್ಮ ನೌಕಾಯಾನ!

ಸೆಲ್ವಂಗೆ ರಾಹು ಗೊತ್ತು. ಆದರೆ ನೀರು ಇನ್ನೂ ಚೆನ್ನಾಗಿ ಗೊತ್ತು. "ಸಾರ್, ರಾಹು ವೆಯ್ಟ್ ಕರೇಗಾ. ಪಾನಿ ವೆಯ್ಟ್ ನಹೀಂ ಕರೇಗಾ," ಅಂದ.

"ಸೆಲ್ವಂ, ನಾನು ಮಂಗಳೂರಿನವ" ಎಂದೆ, ಟೊಪ್ಪಿ ಸರಿಮಾಡಿಕೊಂಡು.

"ಮಂಗಳೂರಾ? ಅಪ್ಪೋ ಸರಿ ಸಾರ್. ನಿಮಗೆ ಗೊತ್ತಿರುತ್ತೆ," ಎಂದು ಪಾಪ ಅವನು ಎಂಜಿನ್ ಆರಿಸಿ, ನೆರಳಿನಲ್ಲಿ ಕುಳಿತ. ಅವನು ಮೈಸೂರಿನವನಲ್ಲದಿದ್ದರೂ ನಂಬಿಬಿಟ್ಟ.

ಒಂದೂವರೆ ಗಂಟೆ ಕಾರಿನಲ್ಲಿ ಎಸಿ ಹಾಕಿಕೊಂಡು ಕುಳಿತೆವು. ಗಾಜಿನ ಆಚೆ ನೀರು ಸದ್ದಿಲ್ಲದೆ ಹೊರಗೆ ಹೋಗುತ್ತಿತ್ತು. ನಾನು ಅದನ್ನು ನೋಡಿ ಅನ್ವಿಗೆ, "ನೋಡು, ಸಮುದ್ರ ಎಷ್ಟು ಶಾಂತವಾಗಿ ಉಂಟು!" ಅಂದೆ.

ಒಂಬತ್ತೂವರೆಗೆ ಸರಿಯಾಗಿ ದೋಣಿ ಹೊರಟಿತು. ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿ, ಪಟ್ಟಿಗಳನ್ನು ನಾನೇ ಎಳೆದು ಬಿಗಿದೆ. ಮೊದಲ ಹತ್ತು ನಿಮಿಷ ಸ್ವರ್ಗವೇ. ಎರಡೂ ಕಡೆ ಮರಳಿನ ದಂಡೆ, ದೂರದಲ್ಲಿ ಸಾಲಾಗಿ ಕುವೈತಿಗಳ ಕಡಲತೀರದ ಮನೆಗಳು, ನಡುವೆ ಹಸಿರು ನೀರು. ನಾಗೇಂದ್ರ ಭಾವಮೈದನಿಗೆ ವಿಡಿಯೋ ಕಳಿಸಿದರು. ಪದ್ಮಮ್ಮ ಗಂಗೆ, ಯಮುನೆ, ಕಾವೇರಿ ಎಲ್ಲರನ್ನೂ ನೆನೆದು ಒಂದು ಬೊಗಸೆ ನೀರು ತಲೆಗೆ ಚಿಮುಕಿಸಿಕೊಂಡರು.

ಅನ್ವಿ ನೋಟುಪುಸ್ತಕ ತೆರೆದು ಕುಳಿತಿದ್ದಳು. "ಪಪ್ಪಾ, ನೌ ಯು ಡ್ರೈವ್!"

ನಾನು ಸೆಲ್ವಂ ಕಡೆ ನೋಡಿದೆ. ಸೆಲ್ವಂ ಮರ್ಯಾದೆಯಿಂದ ಪಕ್ಕಕ್ಕೆ ಸರಿದು ಚುಕ್ಕಾಣಿ ಬಿಟ್ಟುಕೊಟ್ಟ. ಮುಂದೆ ಖೋರ್ ಎರಡು ಕವಲಾಗಿತ್ತು. ಬಲಗಡೆ ನೀರು ತಿಳಿ. ಎಡಗಡೆ ನೀರು ಕಡುಗಪ್ಪು. ಮೋನಪ್ಪಣ್ಣ ಹೇಳುತ್ತಿದ್ದ ಮಾತು ನೆನಪಾಯಿತು: ಕಪ್ಪು ನೀರು ಅಂದರೆ ಆಳ. ನಾನು ಎಡಕ್ಕೆ ತಿರುಗಿಸಿದೆ.

"ಸಾರ್, ವೋ ಘಾಸ್ ಹೈ!" ಎಂದು ಸೆಲ್ವಂ ಕೂಗಿದ. ಅದು ಆಳವಲ್ಲ, ತಳದಲ್ಲಿ ಬೆಳೆದ ಹುಲ್ಲು! ಆದರೆ ಶಶಿ "ಸ್ಮೈಲ್" ಎಂದಿದ್ದಳು, ನಾನು ಮೊಬೈಲಿನ ಕಡೆ ನೋಡಿ ನಗುತ್ತಿದ್ದೆ. ಕರ್ರ್ ಎಂದು ಕೆಳಗಿನಿಂದ ಒಂದು ಸದ್ದು ಬಂತು. ದೋಣಿ ನಿಂತಿತು. ನಾನು ನಿಲ್ಲಲಿಲ್ಲ, ಮುಂದೆ ಹೋಗಿ ಪುಳಿಯೋಗರೆಯ ಡಬ್ಬಿಯ ಮೇಲೆ ಬಿದ್ದೆ. ಆ ಕ್ಷಣದ ಫೋಟೋ ಬಹಳ ಸ್ಪಷ್ಟವಾಗಿ ಬಂದಿದೆ.

ಇಲ್ಲಿಗೇ ನಾನು ಬಾಯಿ ಮುಚ್ಚಿದ್ದರೆ ನಷ್ಟ ಕಡಿಮೆ ಇತ್ತು. "ಹೆದರಬೇಡಿ, ಎಲ್ಲರೂ ಬಲಗಡೆ ಬನ್ನಿ! ಭಾರ ಸರಿದ್ರೆ ದೋಣಿ ಬಿಡಿಸ್ಕೊಳ್ತದೆ" ಎಂದು ಆಜ್ಞೆ ಮಾಡಿದೆ. ಎಲ್ಲರೂ ಬಲಗಡೆಗೆ ಬಂದರು. ದೋಣಿಯೂ ಬಲಗಡೆಗೆ ವಾಲಿತು. ಮತ್ತೆ ಎದ್ದೇಳಲಿಲ್ಲ. ಸೆಲ್ವಂ ಹಣೆ ಚಚ್ಚಿಕೊಂಡದ್ದನ್ನು ನಾನು ನೋಡದವನಂತೆ ಇದ್ದೆ.

ನನಗೆ ಒಳಗೊಳಗೇ ಗಾಬರಿ. ದೋಣಿ ಸಡಿಲಗೊಂಡು ಎಲ್ಲಾದರೂ ತೇಲಿ ಹೋದರೆ? ಕೂಡಲೇ ಲಂಗರನ್ನು ಎರಡು ಕೈಯಲ್ಲಿ ಎತ್ತಿ, ಜೈ ಎಂದು ನೀರಿಗೆ ಎಸೆದೆ. ಬುಳುಂಕ್ ಎನ್ನಬೇಕಿತ್ತು. ಧೊಪ್ ಎಂದಿತು. ನೀರು ಮೊಣಕಾಲಿನಷ್ಟೂ ಇರಲಿಲ್ಲ!

ಮುಂದಿನ ಅರ್ಧ ಗಂಟೆಯಲ್ಲಿ ನಾನು ನೋಡಿದ್ದನ್ನು ಈಗಲೂ ನಂಬಲಾಗುವುದಿಲ್ಲ. ಸಮುದ್ರ ಹೊರಟುಹೋಯಿತು. ಮೊದಲು ಲಂಗರಿನ ಕೊಕ್ಕೆ ಕಂಡಿತು. ಆಮೇಲೆ ಪೂರ್ತಿ ಲಂಗರು. ಆಮೇಲೆ ಅದರ ಕೆಳಗಿನ ಮರಳು. ಕೊನೆಗೆ ಒಂದು ಏಡಿ ಬಂದು ಲಂಗರನ್ನು ಸುತ್ತು ಹಾಕಿ, ನಮ್ಮನ್ನು ನೋಡಿ, ತನ್ನ ಕೆಲಸಕ್ಕೆ ಹೋಯಿತು. ಖೋರಿನ ನಡುವೆ ಅಲ್ಲಲ್ಲಿ ಒಂದೊಂದು ಕೊಚ್ಚೆಯಷ್ಟು ನೀರು ಬಿಟ್ಟರೆ ಉಳಿದದ್ದೆಲ್ಲ ಬಟಾಬಯಲು. ಒಣನೆಲದಲ್ಲಿ ನಿಂತ ದೋಣಿಗೆ ಲಂಗರು ಹಾಕಿದ ಪ್ರಥಮ ಕನ್ನಡಿಗ ಎಂಬ ಕೀರ್ತಿಗೆ ನಾನು ಆ ದಿನ ಪಾತ್ರನಾದೆ.

"ವೇರ್ ಡಿಡ್ ದ ಸೀ ಗೋ, ಪಪ್ಪಾ?" ಅನ್ವಿ ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು.

"ಬರ್ತದೆ ಮಗಾ, ಬರ್ತದೆ."

"ಯಾವಾಗ ಬರುತ್ತೆ ಶೆಟ್ರೇ?" ಎಂದರು ನಾಗೇಂದ್ರ. ನಾನು ಆಕಾಶ ನೋಡಿದೆ. ಸೆಲ್ವಂ ಹಿಂದಿನಿಂದ ಮೆಲ್ಲಗೆ, "ಚಾರ್ ಸಾಡೆ ಚಾರ್ ಬಜೇ" ಅಂದ. ಗಂಟೆ ಹತ್ತು ಮುಕ್ಕಾಲು.

"ನಡ್ಕೊಂಡು ಹೋಗ್ಬಹುದು ಸಾರ್. ದಡ ಪಾಸ್ ಮೇ ಹೈ," ಎಂದ ಸೆಲ್ವಂ. ನಿಜ, ಸಾಲುಮನೆಗಳ ಪೈಕಿ ಮೊದಲನೆಯದು ಇನ್ನೂರು ಹೆಜ್ಜೆಯಾಚೆ ಇತ್ತು. ಅದರ ಜಗಲಿಯಲ್ಲಿ ಯಾರೋ ಒಬ್ಬ ವೃದ್ಧರು ಕುರ್ಚಿ ಹಾಕಿಕೊಂಡು ನಮ್ಮನ್ನೇ ನೋಡುತ್ತಿದ್ದರು. ಸೆಲ್ವಂ ಕಾಲು ಕೆಳಗೆ ಇಳಿಬಿಟ್ಟ. ನಾನು ಅವನ ಅಂಗಿ ಹಿಡಿದು ಎಳೆದೆ.

"ಯಾರೂ ಇಳಿಯಬಾರದು! ಇದು ಅಳಿವೆಯ ಕೆಸರು. ಮೇಲಿನಿಂದ ಮರಳು, ಒಳಗೆ ಹೊಂಡ. ನಮ್ಮ ಕಡೆ ಒಂದು ಎತ್ತು ಹೀಗೇ ಕಾಲಿಟ್ಟು, ಕೊಂಬು ಮಾತ್ರ ಕಾಣ್ತಾ ಇತ್ತು!"

ಎತ್ತೂ ಮೋನಪ್ಪಣ್ಣನದೇ. ಆದರೆ ಪದ್ಮಮ್ಮ "ರಾಮ ರಾಮಾ" ಎಂದು ಕಾಲು ಮೇಲಕ್ಕೆಳೆದುಕೊಂಡರು. ದೋಣಿಯ ಮಾಲೀಕನಿಗೆ ದೂರು ಹೋದೀತೆಂದು ಸೆಲ್ವಂ ಹಟ ಹಿಡಿಯಲಿಲ್ಲ. ಟೆಂಟಿನ ಬಟ್ಟೆಯನ್ನು ದೋಣಿಯ ಮೇಲ್ಛಾವಣಿಗೆ ಕಟ್ಟಿ ನೆರಳು ಮಾಡಿದ. ಟೆಂಟಿಗೆ ಆ ದಿನ ಸಿಕ್ಕಿದ ಉದ್ಯೋಗ ಅದೊಂದೇ. ವಾಲಿದ ದೋಣಿಯಲ್ಲಿ ಐವರು ಒಂದೇ ಮೂಲೆಗೆ ಜಾರುತ್ತ, ಮತ್ತೆ ಮೇಲೆ ತೆವಳುತ್ತ, ಮತ್ತೆ ಜಾರುತ್ತ ಕುಳಿತೆವು. ಬಿಸಿಗಾಳಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಮುಖಕ್ಕೆ ಹೊಡೆಯುತ್ತಿತ್ತು.

ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಐಸ್ ಕರಗಿತು, ನೀರು ಕಡಿಮೆಯಾಯಿತು. ನಾಗೇಂದ್ರ ಮೊಬೈಲಿನಲ್ಲಿ ತಣ್ಣನೆ ನೀರಿಗೆ ಆರ್ಡರ್ ಮಾಡಿದರು. ಸ್ವಲ್ಪ ಹೊತ್ತಿಗೆ ತರುವವನ ಫೋನು.

"ಭಾಯಿ, ಆಪ್ ಕಾ ಲೊಕೇಶನ್ ಪಾನಿ ಕೇ ಅಂದರ್ ದಿಖಾ ರಹಾ ಹೈ."

"ನಹೀಂ ಭಾಯಿ, ಪಾನಿ ನಹೀಂ ಹೈ! ಅದೇ ನಮ್ಮ ಸಮಸ್ಯೆ!"

"ಬಿಲ್ಡಿಂಗ್ ನಂಬರ್? ಫ್ಲೋರ್?"

ಅವನು ಬಂದ. ದೂರದ ರಸ್ತೆಯಲ್ಲಿ ಬೈಕ್ ನಿಲ್ಲಿಸಿ ನಮ್ಮನ್ನು ನೋಡಿದ. ಒಂದು ಫೋಟೋ ತೆಗೆದುಕೊಂಡ. ಹೊರಟುಹೋದ. ಎರಡು ನಿಮಿಷದಲ್ಲಿ ನಾಗೇಂದ್ರರ ಮೊಬೈಲಿಗೆ ಸಂದೇಶ ಬಂತು: ಗ್ರಾಹಕರನ್ನು ತಲುಪಲು ಸಾಧ್ಯವಾಗಲಿಲ್ಲ.

ನಗು ಬಂದದ್ದು ಅಲ್ಲಿಯವರೆಗೆ. ಎರಡು ಗಂಟೆಯ ಹೊತ್ತಿಗೆ ಪದ್ಮಮ್ಮ ಮಾತು ನಿಲ್ಲಿಸಿದರು. ಮುಖ ಕೆಂಪಾಗಿತ್ತು. ಶಶಿ ಒದ್ದೆ ಟವೆಲ್ಲನ್ನು ಅವರ ಹಣೆಗೆ ಇಟ್ಟು, ನನ್ನ ಕಡೆ ನೋಡಿದಳು. ಈ ಸಲ ನಗಲಿಲ್ಲ.

"ಸಾಕು ನಿಮ್ದು. ಎತ್ತು ಗಿತ್ತು ಎಲ್ಲ ಬದಿಗಿಡಿ. ಈ ಕೆಸರು ನಿಮಗೆ ನಿಜವಾಗಿ ಗೊತ್ತುಂಟಾ, ಇಲ್ವಾ?"

ನನಗೆ ನಿಜವಾಗಿ ಭಯವಾದದ್ದು ಆಗ. ಗೊತ್ತಿಲ್ಲ ಎನ್ನಲು ಬಾಯಿ ತೆರೆದೆ. ಅನ್ವಿ ಎದುರಿಗೇ ಇದ್ದಳು, ಪೆನ್ಸಿಲ್ ಕೈಯಲ್ಲೇ ಇತ್ತು. ಟೊಪ್ಪಿ ಸರಿಮಾಡಿಕೊಂಡೆ. ಒಂದು ವಯಸ್ಸಾದ ಜೀವ ಬಳಲುತ್ತಿರುವಾಗಲೂ ನನ್ನ ಟೊಪ್ಪಿಯ ಮರ್ಯಾದೆ ಯೋಚಿಸಿದೆನಲ್ಲ, ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ನಾಗೇಂದ್ರ ನನ್ನ ತೋಳು ಹಿಡಿದು ಅಲುಗಾಡಿಸಿದರು. "ಶೆಟ್ರೇ! ಅಲ್ನೋಡಿ!"

ಜಗಲಿಯ ವೃದ್ಧರು ಬರುತ್ತಿದ್ದರು. ಬಿಳಿ ನಿಲುವಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕೊಡೆ, ಕಾಲಲ್ಲಿ ಹವಾಯಿ ಚಪ್ಪಲಿ. ನನ್ನ ಭಯಂಕರ ಕೆಸರಿನ ಮೇಲೆ, ಎತ್ತುಗಳನ್ನು ನುಂಗುವ ಹೊಂಡದ ಮೇಲೆ, ಸಂಜೆ ವಾಕಿಂಗಿಗೆ ಹೊರಟವರಂತೆ ಟಪ್ ಟಪ್ ಎಂದು ನಡೆದು ಬಂದರು! ಚಪ್ಪಲಿಗೆ ಮಣ್ಣು ಕೂಡ ಸರಿಯಾಗಿ ಅಂಟಿರಲಿಲ್ಲ. ನಾಲ್ಕು ಗಂಟೆ ಕಾಲ ನಾವು ಗಟ್ಟಿ ನೆಲದ ಮೇಲೆ ಜೀವ ಕೈಯಲ್ಲಿ ಹಿಡಿದು ಕುಳಿತಿದ್ದೆವು.

ಅವರು ದೋಣಿಯ ಪಕ್ಕ ನಿಂತು ನೋಡಿದರು. ಕಿತ್ತಳೆ ಜಾಕೆಟ್ ತೊಟ್ಟು ಕೊರಳವರೆಗೆ ಪಟ್ಟಿ ಬಿಗಿದ ಐವರು. ಮರಳಿನ ಮೇಲೆ ಮಲಗಿದ ಲಂಗರು. ನನ್ನ ಟೊಪ್ಪಿ.

"ಸದೀಕ್," ಎಂದರು ನಿಧಾನವಾಗಿ, "ಪಾನಿ ಮಾಫಿ. ಜಾಕೆಟ್ ಕ್ಯೂಂ?"

ಗೆಳೆಯಾ, ನೀರೇ ಇಲ್ಲ, ಜಾಕೆಟ್ ಯಾಕೆ ಎಂದರ್ಥ. ದೋಣಿಯ ತಳ ಉಜ್ಜಿ ತೊಳೆಯಲು ನಾವು ಬೇಕೆಂದೇ ನೀರಿಳಿಯುವ ಹೊತ್ತಿಗೆ ನಿಲ್ಲಿಸಿದ್ದೇವೆ ಎಂದು ಅವರು ತಿಳಿದಿದ್ದರಂತೆ. ಇಲ್ಲಿಯ ದೋಣಿಯವರು ಹಾಗೆ ಮಾಡುವುದುಂಟು. ಆದರೆ ನಾಲ್ಕು ಗಂಟೆಯಾದರೂ ಒಬ್ಬರೂ ಇಳಿದು ಉಜ್ಜದೆ ಕುಳಿತೇ ಇದ್ದಾರಲ್ಲ, ಇವರು ಎಂಥ ಸೋಮಾರಿಗಳು ಎಂದು ನೋಡಲು ಬಂದರಂತೆ!

ಇಷ್ಟನ್ನು ನಗುತ್ತಲೇ ಹೇಳಿದ ವೃದ್ಧರು, ಪದ್ಮಮ್ಮನ ಮುಖ ಕಂಡದ್ದೇ ತಡ, ನಗು ನಿಲ್ಲಿಸಿದರು. "ಯಲ್ಲಾ, ಯಲ್ಲಾ" ಎಂದು ಕೊಡೆಯನ್ನು ಅವರ ತಲೆಯ ಮೇಲೆ ಹಿಡಿದರು. ಸೆಲ್ವಂ ಪದ್ಮಮ್ಮನ ಕೈ ಹಿಡಿದು ಇಳಿಸಿದ. ಇನ್ನೂರು ಹೆಜ್ಜೆ. ನಾನು ಎಣಿಸಿದೆ, ನೂರ ತೊಂಬತ್ತಾರೇ ಇತ್ತು. ಜಗಲಿಯ ಹಿಂದಿನ ಕೋಣೆಯಲ್ಲಿ ಎಸಿ, ತಣ್ಣನೆ ಮಜ್ಜಿಗೆ, ಕಲ್ಲಂಗಡಿ. ಹತ್ತು ನಿಮಿಷದಲ್ಲಿ ಪದ್ಮಮ್ಮ ಎದ್ದು ಕುಳಿತು, "ಮಜ್ಜಿಗೆಗೆ ಒಂಚೂರು ಇಂಗು ಇದ್ದಿದ್ರೆ ಚೆನ್ನಾಗಿತ್ತು" ಅಂದರು. ನನಗೆ ಹೋದ ಜೀವ ಬಂತು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಾಗೇಂದ್ರರಿಗೆ ನನ್ನ ಮೇಲಿನ ಅಭಿಮಾನ ಇನ್ನೂ ಪೂರ್ತಿ ಆರಿರಲಿಲ್ಲ. ನನ್ನನ್ನು ತೋರಿಸಿ, "ಹೀ ಈಸ್ ಫ್ರಮ್ ಮ್ಯಾಂಗಲೋರ್" ಅಂದರು. ವೃದ್ಧರ ಕಣ್ಣು ಅರಳಿತು.

"ಮಂಗ್ಲೂರ್!" ಅವರ ಅಜ್ಜ ಹಾಯಿ ಹಡಗಿನಲ್ಲಿ ಮಂಗಳೂರಿಗೆ ಹೋಗಿ ಹಂಚು, ಹಗ್ಗ ತರುತ್ತಿದ್ದರಂತೆ. ಮಂಗಳೂರಿನವರು ಕಟ್ಟಿದ ಗಂಟು ಬಿರುಗಾಳಿಗೂ ಬಿಚ್ಚುತ್ತಿರಲಿಲ್ಲ ಎಂದು ಅಜ್ಜ ಸಾಯುವವರೆಗೂ ಹೇಳುತ್ತಿದ್ದರಂತೆ. ಇಷ್ಟನ್ನೂ ಅರ್ಧ ಹಿಂದಿ ಅರ್ಧ ಅರಬ್ಬಿಯಲ್ಲಿ ಹೇಳಿ, ಒಳಗೆ ಹೋಗಿ ಒಂದು ಮಾರು ಹಗ್ಗ ತಂದು ನನ್ನ ಕೈಗಿಟ್ಟರು. "ಕಟ್ಟಿ ತೋರಿಸು!"

ಕೋಣೆಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅನ್ವಿ ಹೊಸ ಪುಟ ತಿರುಗಿಸಿದಳು. ನನಗೆ ಬರುವುದು ಜೀವನದಲ್ಲಿ ಒಂದೇ ಗಂಟು. ಅಪ್ಪನ ಹೋಟೆಲಿನಲ್ಲಿ ಕಲಿತದ್ದು. ಅದನ್ನೇ ಕಟ್ಟಿದೆ. ವೃದ್ಧರು ಹಗ್ಗವನ್ನು ಎತ್ತಿ, ತಿರುಗಿಸಿ, ಕನ್ನಡಕ ಹಾಕಿ ನೋಡಿದರು.

"ಶುನೂ ಹಾದಾ?"

"ಇಡ್ಲಿ ಪಾರ್ಸೆಲ್," ಎಂದಳು ಶಶಿ.

ನಾನು ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟೆ. ಇನ್ನು ಸಾಧ್ಯವಿರಲಿಲ್ಲ. ಅನ್ವಿಯ ಪಕ್ಕದಲ್ಲಿ ಕುಳಿತು, "ಮಗಾ, ಪಪ್ಪನಿಗೆ ಸಮುದ್ರ ಗೊತ್ತಿಲ್ಲ. ಈಜು ಬರುವುದಿಲ್ಲ. ನೀರು ಕಂಡ್ರೆ ಹೆದರಿಕೆ. ನಿಂಗೆ ಹೇಳಿದ ಕಥೆಯೆಲ್ಲ ಮೋನಪ್ಪಣ್ಣ ಅಂತ ಒಬ್ರದ್ದು, ಲಾರಿ ಡ್ರೈವರ್" ಅಂದೆ. ಹನ್ನೊಂದು ವರ್ಷದ ಆಸ್ತಿಯನ್ನು ಒಂದು ನಿಮಿಷದಲ್ಲಿ ಕೊಟ್ಟುಬಿಟ್ಟಂತೆ ಆಯಿತು.

ಅನ್ವಿ ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿದಳು.

"ಡಿಡ್ ಹೀ ಗೋ ಟು ದ ಸೀ? ಮೋನಪ್ಪಣ್ಣ?"

ಅದನ್ನು ನಾನು ಜೀವಮಾನದಲ್ಲಿ ಮೊದಲ ಸಲ ಯೋಚಿಸಿದೆ. ಮೋನಪ್ಪಣ್ಣ ಬಂದರಿನಲ್ಲಿ ಮೀನು ತುಂಬಿಸಿಕೊಂಡು ಹೋಗುತ್ತಿದ್ದ. ಲಾರಿಯಿಂದ ಇಳಿಯುತ್ತಲೂ ಇರಲಿಲ್ಲ! "ಇಲ್ಲ ಮಗಾ. ಅವನೂ ಹೋಗಿರ್ಲಿಕ್ಕಿಲ್ಲ."

ನಾಗೇಂದ್ರ ಕಲ್ಲಂಗಡಿ ಹೋಳನ್ನು ತಟ್ಟೆಗೆ ಇಟ್ಟುಬಿಟ್ಟರು. "ಹಾಗಾದ್ರೆ ಮೀನು ಮಾರ್ಕೆಟ್ಟಲ್ಲಿ ಕಿವಿರು ಎತ್ತಿ ನೋಡ್ತಿದ್ರಲ್ಲ, ಅದು?"

"ಬೇರೆಯವರು ನೋಡ್ತಿದ್ರು. ನಾನೂ ನೋಡ್ತಿದ್ದೆ."

ಸಂಜೆ ನಾಲ್ಕೂವರೆಗೆ ಸಮುದ್ರ ಬಂತು, ಏನೂ ನಡೆದೇ ಇಲ್ಲವೆಂಬಂತೆ. ಸೆಲ್ವಂ ದೋಣಿ ತಂದ. ಟೊಪ್ಪಿಯನ್ನು ನಾನು ಅವನ ತಲೆಗಿಟ್ಟೆ, ಚೆನ್ನಾಗಿ ಒಪ್ಪಿತು. ಟೆಂಟನ್ನು ರಿಗ್ಗೈಯ ಮನೆಯ ಹಾಲಿನಲ್ಲಿ, ಎಸಿಯ ಕೆಳಗೆ, ಟಿವಿಯ ಎದುರು ಹಾಕಿ ಅನ್ವಿಗೆ ಕೊಟ್ಟ ಮಾತು ಉಳಿಸಿಕೊಂಡೆವು. ಅಮ್ಮನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಅಮ್ಮ ಪೂರ್ತಿ ಕೇಳಿ, ನಿಟ್ಟುಸಿರು ಬಿಟ್ಟು, "ನೋಡಿದಿಯಾ? ರಾಹುಕಾಲ ಕಳೆದು ಹೊರಟದ್ದಕ್ಕೆ ಇಷ್ಟಕ್ಕೇ ಹೋಯ್ತು" ಅಂದರು. ಪದ್ಮಮ್ಮನೂ ಮರುದಿನ ಫೋನ್ ಮಾಡಿ, ತಮ್ಮ ರಾಹುವಿನ ಲೆಕ್ಕದಲ್ಲಿ, ಅದನ್ನೇ ಹೇಳಿದರು.

ಸೆಪ್ಟೆಂಬರಿನಲ್ಲಿ ಶಾಲೆ ಶುರುವಾಯಿತು. ಒಂದು ಸಂಜೆ ಅನ್ವಿ ಪ್ರಬಂಧದ ಹಾಳೆಯನ್ನು ತಂದು ನನ್ನ ಮುಂದೆ ಇಟ್ಟಳು. ಇಂಗ್ಲಿಷಿನಲ್ಲಿ ದುಂಡಗೆ ಬರೆದಿದ್ದಳು. ಅದರ ಸಾರಾಂಶ ಇಷ್ಟು: ನನ್ನ ತಂದೆ ಸಮುದ್ರಕ್ಕೆ ಹೋದರು. ಅವರನ್ನು ನೋಡಿ ಸಮುದ್ರ ಓಡಿಹೋಯಿತು. ಅವರು ಮರಳಿಗೆ ಲಂಗರು ಹಾಕಿ, ಮುಳುಗದಿರಲು ಜಾಕೆಟ್ ತೊಟ್ಟು, ಸಮುದ್ರ ವಾಪಸ್ ಬರುವವರೆಗೆ ಕಾದರು. ನಡುವೆ ಒಬ್ಬ ತಾತ ಚಪ್ಪಲಿಯಲ್ಲಿ ಸಮುದ್ರದ ಮೇಲೆ ನಡೆದು ಬಂದರು. ನನ್ನ ತಂದೆ ಅವರಿಗೆ ಇಡ್ಲಿ ಕಟ್ಟುವುದನ್ನು ಹೇಳಿಕೊಟ್ಟರು.

ಕೆಳಗೆ ಕೆಂಪು ಶಾಯಿಯಲ್ಲಿ ಟೀಚರ ಟಿಪ್ಪಣಿ: ಕಲ್ಪನೆ ಸುಂದರವಾಗಿದೆ. ಆದರೆ ಕೇಳಿದ್ದು ನಿಜವಾದ ಘಟನೆ. ದಯವಿಟ್ಟು ಬೇರೆ ಬರೆಯಿರಿ, ಇಲ್ಲವೇ ಇದು ನಿಜವೆಂದು ಪೋಷಕರ ಸಹಿ ತನ್ನಿ.

ಹನ್ನೊಂದು ವರ್ಷ ನಾನು ಸುಳ್ಳು ಹೇಳಿದೆ. ಯಾರೂ ಸಹಿ ಕೇಳಲಿಲ್ಲ!

"ಸೈನ್ ಮಾಡು ಪಪ್ಪಾ. ಫುಲ್ ನೇಮ್," ಎಂದಳು ಅನ್ವಿ, ಅಪರೂಪಕ್ಕೆ ಕನ್ನಡದಲ್ಲಿ.

ಶಶಿ ಅಡುಗೆಮನೆಯಿಂದಲೇ ಕೂಗಿದಳು. "ಟೊಪ್ಪಿ ಇದ್ದಿದ್ರೆ ಹಾಕ್ಕೊಂಡೇ ಸೈನ್ ಮಾಡ್ಬಹುದಿತ್ತು!"

ಗಡಿಯಾರ ನೋಡಿದೆ. ಇಲ್ಲಿಯ ರಾಹುವೂ ಇರಲಿಲ್ಲ, ಕಾರ್ಕಳದ ರಾಹುವೂ ಇರಲಿಲ್ಲ. ತಪ್ಪಿಸಿಕೊಳ್ಳಲು ಒಂದು ನೆಪವೂ ಉಳಿದಿರಲಿಲ್ಲ. ಪೆನ್ನು ತೆಗೆದು ಬರೆದೆ: ಮೇಲಿನದೆಲ್ಲವೂ ನಿಜ, ಲೈಫ್ ಜಾಕೆಟ್ ಸಹಿತ. ಸಹಿ ಹಾಕಿದೆ.